ಕೇಪಿನ ಕೋವಿಯ ಮನೆ

ನಮ್ಮ ಮನೆಗೆ ಊರಿನಲ್ಲಿ ಕೋವಿ ಮನೆ ಅಂತಲೇ ಹೆಸರು. ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಅಪ್ಪಯ್ಯನ ಹೆಸರು ಹೇಳಿ ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಕೋವಿ ಮನೆ ಎಂದರೆ ಮಾತು ಮುಗಿಯುವುದರೊಳಗೆ ಕೈ ತೋರಿಸುತ್ತಿದ್ದರು. ಹಾಗಂತ ಊರಲ್ಲಿ ನಮ್ಮ ಒಬ್ಬರದೇ ಕೋವಿಯಲ್ಲ. ಕಾಡಂಚಿಗೆ ಗದ್ದೆಯಿದ್ದವರಿಗೆ ಹಂದಿಯಿಂದ ಬೆಳೆ ಉಳಿಸಿಕೊಳ್ಳಲು ಅದು ಬೇಕೇ ಬೇಕಿತ್ತು. ಆದರೆ ಉಳಿದವರು ಅದನ್ನು ಒಳಕೋಣೆಯ ಮೂಲೆಯಲ್ಲೋ ಭತ್ತ ತುಂಬಿಡುವ ಪತ್ತದ ಹಿಂದೋ ಇಡುತ್ತಿದ್ದರು. ನಮ್ಮದು ನಡುಮನೆಯಲ್ಲಿ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ, ಎರಡು ಮರದ ಗೂಟಗಳ ಮೇಲೆ ಅಡ್ಡಲಾಗಿ ಮಲಗಿರುತ್ತಿತ್ತು. ಅವ್ವ ಭೂಮಿ ಹುಣ್ಣಿಮೆಗೆ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಿದ್ದಳು. ಕೋವಿಯನ್ನು ಇಳಿಸು ಅಂತ ಅವಳು ಅಪ್ಪಯ್ಯನಿಗೆ ಹೇಳಿದ್ದು ನನಗೆ ನೆನಪಿಲ್ಲ. ಅದು ಇದ್ದಲ್ಲೇ ಇರಲು ಬಿಟ್ಟು, ಅದರ ಸುತ್ತ ಏಣಿಯಂಥ ಗೆರೆಗಳನ್ನು ಎಳೆದುಬಿಡುತ್ತಿದ್ದಳು. ಅಪ್ಪಯ್ಯ ಕೋವಿ ಹೊತ್ತು ಗದ್ದೆಗೆ ಹೋದ ದಿನ ಗೋಡೆಯ ಮೇಲೆ ಕೋವಿಯ ಆಕಾರದ ಒಂದು ಬರಿಜಾಗ ಕಾಣುತ್ತಿತ್ತು. ಅವನು ಮನೆಯಲ್ಲಿಲ್ಲ ಎಂಬುದು ನನಗೆ ಗೊತ್ತಾಗುತ್ತಿದ್ದುದು ಹಾಗೆ.

ಅದು ಅಜ್ಜನ ಕಾಲದ್ದು. ಒಂಟಿ ನಳಿಗೆಯ ಕೋವಿ. ಮದ್ದು, ಸೀಸದ ಚರೆ ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಿ, ಉದ್ದನೆಯ ಗಜದಿಂದ ಜಡಿಯಬೇಕು. ಕೊನೆಗೆ ಕುದುರೆಯ ಕೆಳಗೆ ತಾಮ್ರದ ಪುಟಾಣಿ ಟೊಪ್ಪಿಗೆಯಂಥ ಕೇಪು ಕೂರಿಸಬೇಕು. ಕುದುರೆ ಬಂದು ಕೇಪಿಗೆ ಬಡಿದರೇನೇ ಈಡು ಹಾರುವುದು. ಮರದ ಭಾಗ ಬೀಟೆಯದು. ಅಜ್ಜನೇ ಕೂತು ಕೆತ್ತಿದ್ದಂತೆ. ಗುರಿ ಹಿಡಿಯುವಾಗ ಕೆನ್ನೆ ತಾಗುವ ಜಾಗ ಮಾತ್ರ ಉಳಿದದ್ದಕ್ಕಿಂತ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಮೊದಲು ಅಜ್ಜನ ಕೆನ್ನೆ, ಆಮೇಲೆ ಅಪ್ಪಯ್ಯನದು, ಆಗೀಗ ಚಿಕ್ಕಪ್ಪನದು. ಮನೆಯಲ್ಲಿ ಯಾರೂ ಕಾಣದಾಗ ನಾನೂ ಮಣೆ ಹತ್ತಿ ನಿಂತು ಆ ಜಾಗಕ್ಕೆ ಕೆನ್ನೆ ಒತ್ತುತ್ತಿದ್ದೆ. ತಣ್ಣಗಿರುತ್ತಿತ್ತು. ಹೊಂಗೆ ಎಣ್ಣೆ, ಸುಟ್ಟ ಮದ್ದು, ಅಪ್ಪಯ್ಯನ ಬೀಡಿ ಎಲ್ಲ ಸೇರಿದ ಒಂದು ವಾಸನೆ. ಅಂಥ ವಾಸನೆ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಭತ್ತ ಹಾಲು ತುಂಬುವ ಹೊತ್ತಿಗೆ ಅಪ್ಪಯ್ಯ ಗದ್ದೆ ಕಾಯಲು ಹೊರಡುತ್ತಿದ್ದ. ಹೊರಡುವ ದಿನ ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೋವಿ ತುಂಬಲು ಕೂರುತ್ತಿದ್ದ. ಅದು ಒಬ್ಬನ ಕೆಲಸವಾಗಿರಲಿಲ್ಲ. ಮದ್ದಿನ ಕೊಂಬನ್ನು ಹಿಡಿದುಕೊಳ್ಳುವುದು ನನ್ನ ಪಾಲಿಗೆ. ಚಿಕ್ಕಪ್ಪ ಗಜವನ್ನು ಒರೆಸಿ ಕೊಡುತ್ತಿದ್ದ. ಅವ್ವ ಪುಂಡಿ ನಾರನ್ನು ಬಿಡಿಸಿ, ಅಂಗೈಯಲ್ಲಿ ಉಂಡೆ ಮಾಡಿ, ಮದ್ದು ಅಲುಗದ ಹಾಗೆ ತುರುಕಲು ಕೊಡುತ್ತಿದ್ದಳು. ಚಿತ್ತಾರದ ಕುಂಚಕ್ಕೆ ತೆಗೆದಿಟ್ಟ ನಾರೇ ಅದು. ಒಳ್ಳೆಯ ನಾರನ್ನೆಲ್ಲ ಹಂದಿ ಹೆದರಿಸಲಿಕ್ಕೆ ಸುಡುತ್ತೀಯ ಅಂತ ಪ್ರತಿ ಸಲ ಗೊಣಗುತ್ತಲೇ ಕೊಡುತ್ತಿದ್ದಳು. ಅಪ್ಪಯ್ಯನದು ಒಂದೇ ಒಂದು ಕಟ್ಟಳೆ. ಕೋವಿ ತುಂಬುವಾಗ ಮನೆಯಲ್ಲಿ ಯಾರೂ ದನಿ ಏರಿಸಬಾರದು. ಜಗಳವಿದ್ದರೆ ನಿಲ್ಲಿಸಬೇಕು, ಅಳುವವರಿದ್ದರೆ ಹಿತ್ತಲಿಗೆ ಹೋಗಬೇಕು. ಅಜ್ಜನಿಂದ ಬಂದ ಕಟ್ಟಳೆ ಅದು, ಯಾಕೆ ಅಂತ ಅಪ್ಪಯ್ಯನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಹೊತ್ತಿನಷ್ಟು ನೆಮ್ಮದಿ ನಮ್ಮ ಮನೆಯಲ್ಲಿ ಬೇರೆ ಯಾವ ಹೊತ್ತಿನಲ್ಲೂ ಇರುತ್ತಿರಲಿಲ್ಲ. ನಾಲ್ಕು ಜನ ಒಂದು ಚಾಪೆಯ ಸುತ್ತ ತಲೆ ಬಗ್ಗಿಸಿ ಕೂತು, ಬೇಕಾದ ಮಾತನ್ನಷ್ಟೇ ಮೆಲ್ಲಗೆ ಆಡುವುದು. ಬೆಳಗಿನ ಜಾವ ಗದ್ದೆಯ ಕಡೆಯಿಂದ ಈಡು ಕೇಳಿದರೆ ಅದು ನಮ್ಮದೋ ಬೇರೆಯವರದೋ ಎಂದು ಅವ್ವ ಸದ್ದಿನಿಂದಲೇ ಹೇಳುತ್ತಿದ್ದಳು. ನಮ್ಮದಾದರೆ ಎದ್ದು ರೊಟ್ಟಿ ಹೆಂಚು ಇಡುವಳು. ಅಪ್ಪಯ್ಯ ಅಂಗಳಕ್ಕೆ ಬರುವಷ್ಟರಲ್ಲಿ ಅಕ್ಕಿ ರೊಟ್ಟಿ ಬಿಸಿಯಾಗಿರುತ್ತಿತ್ತು.

ಚಿಕ್ಕಪ್ಪ ಕೆರಿಯಪ್ಪನಿಗೆ ಈ ಕೋವಿ ಕಂಡರೆ ಆಗುತ್ತಿರಲಿಲ್ಲ. ಅಪ್ಪಯ್ಯನಿಗಿಂತ ತುಂಬಾ ಚಿಕ್ಕವನು, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಅಜ್ಜ ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ದೊಡ್ಡವನಾಗಿ ಮಾಡಿದ್ದು ಅವ್ವನೇ. ಒಮ್ಮೆ ಶಿವಮೊಗ್ಗಕ್ಕೆ ಹೋದವನು ಅಲ್ಲಿನ ಒಂದು ಅಂಗಡಿಯಲ್ಲಿ ಕಾರ್ಖಾನೆಯಲ್ಲಿ ಮಾಡಿದ ತೋಟೆ ಕೋವಿ ನೋಡಿಕೊಂಡು ಬಂದ. ನಳಿಗೆಯನ್ನು ನಡುವಿನಲ್ಲಿ ಮಡಚಿ, ಸಿದ್ಧವಾಗಿ ಬರುವ ತೋಟೆಯನ್ನು ಒಳಗಿಟ್ಟು, ಮುಚ್ಚಿದರೆ ಆಯಿತು. ಅಂದಿನಿಂದ ಅವನಿಗೆ ಅದೇ ಜಪ. ಮನೆಯ ಟಾರ್ಚನ್ನು ತೆಗೆದುಕೊಂಡು, ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲು ಹಾಕಿ, ಮುಚ್ಚಿ, ನೋಡು ಅತ್ತಿಗೆ ಇಷ್ಟೇ ಕೆಲಸ ಅಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ತೋರಿಸುತ್ತಿದ್ದ. ಅವ್ವ ನಗುತ್ತಿದ್ದಳು. ಅಪ್ಪಯ್ಯನ ಜೊತೆ ಮಾತ್ರ ಊಟಕ್ಕೆ ಕೂತಾಗಲೆಲ್ಲ ಇದೇ ವಾದ.

“ನೀನು ಮದ್ದು ಹುಯ್ದು, ನಾರು ತುರುಕಿ, ಜಡ್ದು ಮುಗ್ಸೋ ತಂಕ ಹಂದಿ ಅಲ್ಲೇ ನಿಂತಿರ್ತದಾ ಅಣ್ಣ?”

“ಒಂದು ಈಡಿಗೆ ಓಡ್ಲಿಲ್ಲ ಅಂದ್ರೆ ಅದು ಹಂದಿ ಅಲ್ಲ ಬಿಡು. ನಂಗೆ ಸದ್ದು ಸಾಕು. ಕೊಂದು ಎಂತ ಮಾಡ್ಲಿ?” ಎನ್ನುತ್ತಿದ್ದ ಅಪ್ಪಯ್ಯ. ಆಮೇಲೆ ತನಗೇ ಹೇಳಿಕೊಂಡ ಹಾಗೆ, “ಆ ಹೊಸದರಲ್ಲಿ ನಮ್ಮ ಕೈ ಎಲ್ಲೈತೆ? ಯಾರೋ ತುಂಬಿದ್ದನ್ನ ನಾವು ಹೊಡೆಯದು,” ಎಂದು ಸೇರಿಸುತ್ತಿದ್ದ.

ನಾನು ಅಪ್ಪಯ್ಯನ ಕಡೆ. ಹಳೆಯದು ಚೆಂದವಿತ್ತು, ಅದರ ಹಿತ್ತಾಳೆಯ ಪಟ್ಟಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನನ್ನ ಕೆಲಸವಾಗಿತ್ತು, ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವವಳೂ ನಾನೇ. ಚಿಕ್ಕಪ್ಪ ಹೇಳುವ ಕೋವಿ ಮನೆಗೆ ಬಂದರೆ ಕೊಂಬು ಬೇಡ, ನಾರು ಬೇಡ, ಚಾಪೆ ಬೇಡ. ಹಾಗಾದರೆ ನಾನು ಏನನ್ನು ಹಿಡಿದು ಕೂರುವುದು ಎಂಬುದು ನನ್ನ ಚಿಂತೆ.

ಅಣ್ಣತಮ್ಮಂದಿರ ನಡುವಿನ ನಿಜವಾದ ಜಗಳ ಕೋವಿಯದಲ್ಲ. ಚಿಕ್ಕಪ್ಪನ ಮನಸ್ಸು ಉಳವಿಯ ಕಡೆಯ ಒಬ್ಬ ಹುಡುಗಿಯ ಮೇಲಿತ್ತು. ನಾಟಿಯ ಸಮಯದಲ್ಲಿ ಅವಳು ನಮ್ಮೂರಿನ ನೆಂಟರ ಮನೆಗೆ ಬಂದಿದ್ದಾಗ ಪರಿಚಯ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಉಳವಿಯವಳು ಎನ್ನುತ್ತಿದ್ದರು. ಆ ಕಡೆಯ ಹಿರಿಯರು ಒಂದು ದಿನ ಮಾತಾಡಲು ಬಂದರು. ಅಪ್ಪಯ್ಯ ಅವರಿಗೆ ಬೆಲ್ಲ, ನೀರು ಕೊಡಿಸಿ, ಮಳೆ ಬೆಳೆಯ ಮಾತಾಡಿ, ಬಂದ ವಿಷಯಕ್ಕೆ ಮಾತ್ರ ಆಗುವುದಿಲ್ಲ ಎಂದು ಕಳಿಸಿಬಿಟ್ಟ. ಅಜ್ಜನ ಕಾಲದಲ್ಲಿ ಯಾವುದೋ ಪಂಚಾಯ್ತಿಯಲ್ಲಿ ಅವರ ಮನೆಯವರು ಅಜ್ಜನನ್ನು ಸುಳ್ಳ ಎಂದಿದ್ದರಂತೆ. ಅಷ್ಟೇ ಕಾರಣ. ಅವ್ವ ಎಷ್ಟೋ ದಿನ ಅಪ್ಪಯ್ಯನಿಗೆ ತಿಳಿಹೇಳಲು ನೋಡಿದಳು. ಅನ್ನ ಬಡಿಸುತ್ತಾ ಹೇಳುವಳು, ದನಕ್ಕೆ ಹುಲ್ಲು ಹಾಕುತ್ತಾ ಹೇಳುವಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಚಿಕ್ಕಪ್ಪ ಅವನ ಎದುರು ಕೂತು ಉಣ್ಣುವುದನ್ನು ಬಿಡಲಿಲ್ಲ, ಆದರೆ ತೋಟೆ ಕೋವಿಯ ಮಾತು ನಿಂತುಹೋಯಿತು. ಆ ವಾದ ನಿಂತ ಮೇಲೆ ಊಟದ ಹೊತ್ತು ಎಷ್ಟು ಭಾರ ಎಂಬುದು ನನಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಚಿಕ್ಕಪ್ಪ ಸೊರಬದ ಸಂತೆಯಿಂದ ಬರಿಗೈಯಲ್ಲಿ ಬಂದ. ಉಳವಿಯ ಹುಡುಗಿಯನ್ನು ಬೇರೆ ಕಡೆಗೆ ಮದುವೆ ಮಾಡಿಕೊಟ್ಟರು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಇಷ್ಟು: ಅಪ್ಪಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವ್ವ ನಡುಮನೆಯಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಾನು ಅವಳ ಪಕ್ಕ. ಚಿಕ್ಕಪ್ಪ ಅಂಗಳ ದಾಟಿ, ಚಪ್ಪಲಿ ಬಿಡದೆ ಒಳಗೆ ಬಂದ. ನಮ್ಮ ಮನೆಯಲ್ಲಿ ಚಪ್ಪಲಿಯಲ್ಲಿ ಯಾರೂ ಒಳಗೆ ಬಂದದ್ದೇ ಇಲ್ಲ. ಅವ್ವ ಅವನ ಮುಖ ನೋಡಿ ಮೊರ ಕೆಳಗಿಟ್ಟು ಎದ್ದು ನಿಂತಳು. ಅವನು ಗೂಟದಿಂದ ಕೋವಿ ಇಳಿಸಿಕೊಂಡು, ಬಾಗಿಲಿನ ಕಡೆ ತಿರುಗಿ ಹೇಳಿದ:

“ಅಣ್ಣ, ಏಳ್ಬೇಡ. ಅಲ್ಲೇ ಕೂತಿರು.”

ಅಪ್ಪಯ್ಯ ಏಳಲಿಲ್ಲ. ಹಗ್ಗ ಅವನ ತೊಡೆಯ ಮೇಲೆ ಹಾಗೇ ಇತ್ತು. ಓಡಬಹುದಿತ್ತು, ಅಂಗಳ ದಾಟಿದರೆ ಬೇಲಿ, ಬೇಲಿಯಾಚೆ ಗದ್ದೆ. ಬಂದು ಹಿಡಿದುಕೊಳ್ಳಲೂಬಹುದಿತ್ತು, ಕೋವಿ ಖಾಲಿಯಿತ್ತು. ಎರಡನ್ನೂ ಮಾಡದೆ ತಮ್ಮನನ್ನು ನೋಡುತ್ತಾ ಕೂತ. ಚಿಕ್ಕಪ್ಪ ಚಾಪೆಯೂ ಇಲ್ಲದೆ ನೆಲದ ಮೇಲೆ ಮಂಡಿಯೂರಿ ಕೊಂಬನ್ನು ಬಗ್ಗಿಸಿದ. ಮದ್ದು ಅರ್ಧ ನೆಲದ ಪಾಲಾಯಿತು. ನನಗೆ ಕಿರುಚಬೇಕೆನಿಸಿತು, ಆದರೆ ಕೋವಿ ತುಂಬುವಾಗ ದನಿ ಏರಿಸಬಾರದು ಎಂಬುದು ಮೈಗೇ ಹತ್ತಿಬಿಟ್ಟಿತ್ತು. ಅವ್ವನೂ ಕಿರುಚಲಿಲ್ಲ. ಅವನು ನಾರು ಕೇಳಿದ, ಅವಳು ಒಳಗೆ ಹೋಗಿ ತಂದು ಕೊಟ್ಟಳು. ಸಿಕ್ಕುಸಿಕ್ಕಾದ ಒಂದು ಮುದ್ದೆ. ಗಂಟಾಗಿದೆ, ಬಿಡಿಸಿಕೋ ಎಂದಳು, ದಿನಾ ಹೇಳುವ ಹಾಗೆ. ಅವನು ಉಗುರಿನಲ್ಲಿ ಬಿಡಿಸಿದ. ಗಜ ಹಾಕಿ ಜಡಿದ. ಚರೆ ಸುರಿಯುವಾಗ ಕೆಲವು ಉರುಳಿ ಹೋದವು. ಎಲ್ಲಿದ್ದಿತೋ ಒಂದು ಹೇಂಟೆ ಒಳಗೆ ನುಗ್ಗಿ ಕಾಳೆಂದು ಕುಕ್ಕಲು ಬಂತು, ಅವ್ವ ಅದನ್ನು ಹುಶ್ ಎಂದು ಓಡಿಸಿದಳು. ಚಿಕ್ಕಪ್ಪ ಹೇಂಟೆ ಹೋಗುವವರೆಗೆ ಕೈ ತಡೆದ. ಆಮೇಲೆ ಎದ್ದು ಒಳಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ತಡಕಿದ. ಕೇಪಿನ ಡಬ್ಬಿ ಅಲ್ಲಿರಲಿಲ್ಲ.

“ಅತ್ತಿಗೆ, ಕೇಪು ಎಲ್ಲಿ?”

“ಅಟ್ಟದಲ್ಲಿ ನೋಡು. ಹಳೇ ಮೊರದ ಹಿಂದೆ ಇಟ್ಟಂಗೆ ನೆನಪು.”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕೋವಿಯನ್ನು ಗೋಡೆಗೆ ಒರಗಿಸಿ ಏಣಿ ಹತ್ತಿದ. ಮೇಲೆ ಡಬ್ಬ ಬುಟ್ಟಿಗಳನ್ನು ಸರಿಸುವ ಸದ್ದು ಕೇಳಿತು. ಕೆಳಗೆ ಹಲಗೆಯ ಸಂದಿಯಿಂದ ಧೂಳು ಉದುರಿತು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವನು ಅಳುವುದು ಕೇಳಿತು. ದೊಡ್ಡ ಗಂಡಸು ಅಷ್ಟು ಜೋರಾಗಿ ಅಳಬಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವ್ವ ಕೋವಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ದನಗಳಿಗೆ ನೀರು ಕುಡಿಸುವ ಕಲ್ಲು ಬಾನಿಯಲ್ಲಿ ಮುಳುಗಿಸಿ ಬಂದಳು. ಬಂದು ಮತ್ತೆ ಮೊರ ಎತ್ತಿಕೊಂಡಳು. ಹುರುಳಿ ಹಸನು ಮಾಡಲು ಆಗಲಿಲ್ಲ, ಸುಮ್ಮನೆ ಮೊರ ಹಿಡಿದು ಕೂತಿದ್ದಳು.

ಚಿಕ್ಕಪ್ಪ ಇಳಿದು ಬರುವಾಗ ಸಂಜೆಯಾಗಿತ್ತು. ತಲೆ ತುಂಬಾ ಜೇಡರ ಬಲೆ. ಅವ್ವ ಬಿಸಿನೀರು ಕೊಟ್ಟಳು, ಮೀಯಲು ಹೇಳಿದಳು, ಊಟಕ್ಕೆ ಹಾಕಿದಳು. ದಿನದ ಹಾಗೆ ಅಣ್ಣ ತಮ್ಮ ಇಬ್ಬರೂ ಎದುರುಬದುರು ಕೂತರು. ಅಂದು ಒಣಮೀನಿನ ಸಾರು. ಅಪ್ಪಯ್ಯ ಒಂದು ತುತ್ತು ಉಂಡು, ತನ್ನ ತಟ್ಟೆಯ ಮೀನನ್ನು ಎತ್ತಿ ತಮ್ಮನ ತಟ್ಟೆಗೆ ಹಾಕಿದ. ಅವನು ಅದನ್ನು ತಿನ್ನಲಿಲ್ಲ, ತೆಗೆದು ಪಕ್ಕಕ್ಕೂ ಇಡಲಿಲ್ಲ. ಅನ್ನವನ್ನೆಲ್ಲ ಉಂಡು ಆ ಮೀನನ್ನು ಹಾಗೇ ಬಿಟ್ಟು ಎದ್ದ. ಆ ವರ್ಷದ ಭೂಮಿ ಹುಣ್ಣಿಮೆ ಕಳೆದ ಮೇಲೆ ಚಿಕ್ಕಪ್ಪ ಶಿಕಾರಿಪುರದ ಕಡೆ, ಅಂಬ್ಲಿಗೊಳ ಅಣೆಕಟ್ಟಿನ ನೀರು ಹರಿಯುವ ಊರೊಂದರಲ್ಲಿದ್ದ ಸೋದರಮಾವನ ಮನೆಗೆ ಹೊರಟುಹೋದ. ಅಲ್ಲೇ ಜಮೀನು ಮಾಡಿದ, ಕುರಿ ಕಟ್ಟಿದ, ಮದುವೆಯೂ ಆದ. ಮೊದಲ ಒಳ್ಳೆಯ ಬೆಳೆಗೆ ಲೈಸೆನ್ಸು ಮಾಡಿಸಿ ತೋಟೆ ಕೋವಿ ಕೊಂಡ ಎಂದು ಸುದ್ದಿ ಬಂತು. ಅಪ್ಪಯ್ಯ ಅದನ್ನು ಕೇಳಿ, ಅವನಿಗೆ ಬೇಕಿತ್ತು, ತಗೊಂಡ ಎಂದಷ್ಟೇ ಹೇಳಿದ.

ಬಾನಿಯ ನೀರಿನಿಂದ ತೆಗೆದ ಕೋವಿಯನ್ನು ಅಪ್ಪಯ್ಯ ಬಿಚ್ಚಿ, ಬಿಸಿಲಿಗೆ ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಗೂಟದ ಮೇಲಿಟ್ಟ. ಅದು ಎಂದಿನಂತೆ ಹಾರುತ್ತಿತ್ತು. ಆದರೆ ಚಾಪೆಯ ಸುತ್ತ ಕೂರುವುದು ಮೊದಲಿನ ಹಾಗೆ ಇರಲಿಲ್ಲ. ಗಜ ಒರೆಸಿ ಕೊಡುವವನಿಲ್ಲ. ಎಲೆಕ್ಷನ್ನು ಬಂದಾಗಲೆಲ್ಲ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಿತ್ತು. ಅಪ್ಪಯ್ಯ ಅದನ್ನು ಕಂಬಳಿಯಲ್ಲಿ ಸುತ್ತಿ, ಸೊರಬದ ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೋಗುತ್ತಿದ್ದ. ತಿರುಗಿ ತರುವವರೆಗೆ ಗೋಡೆಯ ಬರಿಜಾಗ ಕಾಣಬಾರದೆಂದು ಅಲ್ಲಿ ತನ್ನ ಪಂಚೆ ತೂಗುಹಾಕುತ್ತಿದ್ದ. ಅವನು ತೀರಿಕೊಂಡ ಮೇಲೆ ಲೈಸೆನ್ಸು ಯಾರ ಹೆಸರಿಗೂ ಆಗಲಿಲ್ಲ. ನಾನಾಗಲೇ ಮದುವೆಯಾಗಿ ಶಿಕಾರಿಪುರದ ಕಡೆ ಬಂದಿದ್ದೆ. ಗಂಡು ನೋಡಿದ್ದೂ ಚಿಕ್ಕಪ್ಪನೇ. ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಆಮೇಲೆ ಅದು ಏನಾಯಿತೋ ತಿಳಿಯದು. ಅವ್ವ ನನ್ನ ಜೊತೆಗೇ ಬಂದಿದ್ದು, ನನ್ನ ಮನೆಯಲ್ಲೇ ತೀರಿಹೋದಳು. ಊರಿನ ಮನೆಯನ್ನು ದಾಯಾದಿಗಳು ಇಳಿಸಿ ಕಟ್ಟಿಕೊಂಡರು.

ಈಗ ನನ್ನ ಮಗ ಪ್ರಕಾಶನಿಗೆ ಈ ಹುಚ್ಚು ಹತ್ತಿದೆ. ಮೆಕ್ಕೆಜೋಳಕ್ಕೆ ಮಂಗಗಳು ಬರುತ್ತವೆಂದು ಮೊದಲು ಒಂದು ಏರ್‌ಗನ್ ತಂದ. ಕಪ್ಪು ಫೈಬರಿನದು, ಮೇಲೊಂದು ದುರ್ಬೀನು. ಕೈಗೆ ಹಗುರ, ಗುರಿ ತಪ್ಪುವುದಿಲ್ಲ. ಈಚೆಗೆ ಅದನ್ನು ಗೆಳೆಯನಿಗೆ ಕೊಟ್ಟುಬಿಟ್ಟು ಬೇರೆಯದನ್ನು ತರಿಸಿದ. ಇದಕ್ಕೆ ಮರದ ಹಿಡಿ, ಹಿತ್ತಾಳೆಯ ಬಣ್ಣದ ಪಟ್ಟಿ, ಹಳೆಯ ಕಾಲದ ಸೈನಿಕರ ಕೋವಿಯ ಹಾಗೆ ಉದ್ದನೆಯ ಮೈ. ಫೋನಿನಲ್ಲಿ ಇಂಥವುಗಳ ವಿಡಿಯೋಗಳನ್ನೇ ನೋಡುತ್ತಾನೆ. ಯಾರೋ ಮರಕ್ಕೆ ಎಣ್ಣೆ ಹಚ್ಚುತ್ತಿರುತ್ತಾರೆ, ಇವನು ರೆಪ್ಪೆ ಬಡಿಯದೆ ನೋಡುತ್ತಿರುತ್ತಾನೆ.

“ಈಗ ಇದಕ್ಕೇ ಬೇಡಿಕೆ ಐತವ್ವ. ನೋಡಾಕ ಹಳೇದು, ಒಳಗೆಲ್ಲ ಹೊಸದು. ಆ ಕರೇದ್ರಾಗ ಜೀವ ಇದ್ದಿಲ್ಲ ನೋಡು,” ಎಂದು ನನ್ನ ಕೈಗೆ ಕೊಟ್ಟ.

ನಾನು ಅವನು ನೋಡುತ್ತಿದ್ದಾನೆಂಬುದನ್ನೂ ಮರೆತು ಅದಕ್ಕೆ ಕೆನ್ನೆ ಇಟ್ಟೆ. ವಾರ್ನಿಷಿನ ವಾಸನೆ. ಮರ ಒಳ್ಳೆಯದೇ. ಆದರೆ ಅದಕ್ಕೆ ಇನ್ನೂ ಯಾರ ಕೆನ್ನೆಯೂ ತಾಗಿರಲಿಲ್ಲ. ಕಣ್ಣು ಮಂಜಾಯಿತು. ಮಗನಿಗೆ ಕೋವಿ ಮನೆಯ ಕತೆಯನ್ನು, ಅವನು ಎಷ್ಟೋ ಸಲ ಕೇಳಿದ್ದನ್ನೇ, ಮತ್ತೆ ಹೇಳಿದೆ. ಹೇಳುವಾಗ ಕೊನೆಗೆ ನಾನು ಯಾವಾಗಲೂ ಸೇರಿಸುತ್ತಿದ್ದ ಮಾತೊಂದಿದೆ. ಅಂದು ಅಪ್ಪಯ್ಯನನ್ನು ಉಳಿಸಿದ್ದು ಆ ಹಳೆಯ ಕೋವಿ. ಅದನ್ನು ತುಂಬುವಷ್ಟರಲ್ಲಿ ಸಿಟ್ಟು ಸೋತಿತು. ಮಡಚಿ ಮುಚ್ಚುವ ಹೊಸ ಕೋವಿ ಗೋಡೆಯ ಮೇಲಿದ್ದಿದ್ದರೆ ನಾನು ಅಪ್ಪನಿಲ್ಲದವಳಾಗುತ್ತಿದ್ದೆ, ಚಿಕ್ಕಪ್ಪ ಜೈಲಿನಲ್ಲಿರುತ್ತಿದ್ದ. ಇಷ್ಟು ವರ್ಷ ಇದನ್ನೇ ನಂಬಿಕೊಂಡು ಬಂದಿದ್ದೆ.

ಆ ವಾರ ಚಿಕ್ಕಪ್ಪ ಮನೆಗೆ ಬಂದ. ಈಗ ಬಹಳ ಹಣ್ಣಾಗಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಪ್ರಕಾಶ ಹೊಸ ಏರ್‌ಗನ್ನನ್ನು ತೋರಿಸಿ, ಅಜ್ಜ ಹಳೇ ನಮೂನಿ ಹೆಂಗೈತ್ರಿ ಎಂದು ಕೇಳಿದ. ಚಿಕ್ಕಪ್ಪ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ಹಳೆಯದರಲ್ಲಿ ಎಂಥ ಚೆಂದವೂ ಇರಲಿಲ್ಲ ಎಂದ. ಮಳೆಗಾಲದಲ್ಲಿ ಹಾರಿದರೆ ಹಾರಿತು, ಇಲ್ಲದಿದ್ದರೆ ಇಲ್ಲ. ಅಣ್ಣನ ಬಲಗಿವಿ ಮಂದವಾದದ್ದೂ ಅದರ ಸದ್ದಿಗೇ. ಪ್ರಕಾಶ ಬಿಡಲಿಲ್ಲ. ಅದು ತಡ ಮಾಡಿದ್ದಕ್ಕೇ ನಮ್ಮ ಅಜ್ಜ ಬದುಕಿದ್ರಂತಲ್ಲ, ಅವ್ವ ಹೇಳ್ತಾಳ ಎಂದುಬಿಟ್ಟ. ನಾನು ಕಣ್ಣಿನಲ್ಲೇ ಗದರಿಸಿದೆ. ಆ ದಿನದ ಮಾತನ್ನು ಚಿಕ್ಕಪ್ಪನ ಎದುರು ನಮ್ಮಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ. ಅವನು ಸಿಟ್ಟಾಗಲಿಲ್ಲ. ಪ್ರಕಾಶನನ್ನು ಕುರಿಗಳಿಗೆ ನೀರು ತೋರಿಸಿ ಬಾ ಎಂದು ಕಳಿಸಿ, ನನ್ನ ಕಡೆ ತಿರುಗಿದ.

“ಕೋವಿ ಎಂತ ತಡ ಮಾಡ್ತು ಮಾರಾಯ್ತಿ? ತಡ ಮಾಡಿದ್ದು ಅತ್ತಿಗೆ. ನಾರು ತರಕ್ಕೆ ಒಳಗೆ ಹೋದಾಗ್ಲೇ ಡಬ್ಬಿ ತೆಗ್ದು ಎಲೆಅಡಿಕೆ ಸಂಚಿಗೆ ಹಾಕ್ಕಂಡಿದ್ಲು. ಸೊಂಟದಲ್ಲಿ ಉಬ್ಬಿ ಕಾಣ್ತಿತ್ತು.”

“ನಿಂಗೆ ಗೊತ್ತಿತ್ತಾ?”

“ಎದುರಿಗೇ ನಿಂತಿದ್ಲಲ್ಲ.”

“ಮತ್ತೆ ಅಟ್ಟ ಎಂತಕ್ಕೆ ಹತ್ತಿದೆ?”

ಹೊರಗೆ ಪ್ರಕಾಶ ಕುರಿಗಳನ್ನು ಕೂಗುತ್ತಿದ್ದ.

“ಹತ್ತು ಅಂದ್ಲಲ್ಲ,” ಎಂದ. “ನಂಗೂ ಹತ್ಬೇಕಾಗಿತ್ತು ಅನ್ಸ್ತದೆ.”

ಅವನಿಗೆ ಊಟಕ್ಕೆ ಹಾಕಿದೆ. ಉಂಡು, ಸ್ವಲ್ಪ ಅಡ್ಡಾಗಿ, ಬಿಸಿಲು ಇಳಿದ ಮೇಲೆ ಪ್ರಕಾಶನ ಬೈಕಿನಲ್ಲಿ ತನ್ನ ಊರಿಗೆ ಹೋದ. ನಾನು ಒಳಗೆ ಬಂದು ಪಾತ್ರೆ ತೊಳೆಯಲು ಕೂತೆ. ಅಂದಿನ ನಡುಮನೆ ಕಣ್ಣೆದುರು ಬಂತು. ಆದರೆ ಈ ಸಲ ನನಗೆ ಕೋವಿ ಕಾಣಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ನಿಂತ ಅವರಿಬ್ಬರು ಕಂಡರು, ಅವಳು ಸಾಕಿದ ಹುಡುಗ ಮತ್ತು ಅವಳು. ಅವ್ವ ನನ್ನ ಮನೆಯಲ್ಲೇ ಅಷ್ಟು ವರ್ಷ ಇದ್ದಳು. ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಕಾಲು ಒತ್ತುವಾಗ ಎಷ್ಟೋ ಮಾತಾಡಿದೆವು. ಅವಳ ಮುಂದೆಯೂ ನಾನು ಇದೇ ಕತೆ ಹೇಳಿದ್ದೇನೆ, ಕೋವಿಯೇ ಉಳಿಸಿತು ಎಂದು. ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು, ಒಂದು ಸಲವೂ ಅಲ್ಲ ಎನ್ನಲಿಲ್ಲ. ಈಗ ಅವಳು ಅರ್ಧ ಗಳಿಗೆ ಬಂದು ಕೂತರೆ ಸಾಕು, ಬೇರೇನೂ ಕೇಳುವುದಿಲ್ಲ. ಸಂಚಿ ಅವನಿಗೆ ಕಾಣುತ್ತಿದೆ ಎಂದು ನಿನಗೂ ಗೊತ್ತಿತ್ತಾ ಅವ್ವ ಎಂದಷ್ಟೇ ಕೇಳುತ್ತೇನೆ.